ಎಳೆಗೂಸಿನ ಉಸಿರು ನಡುನಡುವೆ ನಿಂತ ಹಾಗಾಗುತ್ತೆ, ಸಹಜವೇ?

ಪ್ರಶ್ನೆ: ತಿಂಗಳು ತುಂಬಿ ಹುಟ್ಟಿದ 12 ದಿನದ ಮಗು. ನಿದ್ದೆಯಲ್ಲಿ ಬೇಗಬೇಗ ಉಸಿರಾಡಿ, ಐದಾರು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತೆ. ಮೂಗಲ್ಲಿ ಗೊರಗೊರ ಬೇರೆ. ಉಸಿರು ಎಣಿಸೋದು ಹೇಗೆ?

ಉತ್ತರ 1: ಮೆದುಳಿನ ಉಸಿರಾಟದ ಕೇಂದ್ರ ಇನ್ನೂ ಪಳಗಿರುವುದಿಲ್ಲ, ಅದಕ್ಕೇ ಈ ಏರಿಳಿತ. 10 ಸೆಕೆಂಡಿನ ಒಳಗೆ ತಾನಾಗಿಯೇ ಶುರುವಾಗಿ, ಬಣ್ಣ ಬದಲಾಗದಿದ್ದರೆ ಸಹಜ. ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಕೂಸುಗಳ ಉಸಿರು ಕಾಣೋದು ಅಲ್ಲೇ. ಏರಿ ಇಳಿದರೆ ಒಂದು. ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಈ ನಿಲುಗಡೆಗಳಿಂದ ಲೆಕ್ಕ ತಪ್ಪುತ್ತೆ. ಅತ್ತಾಗ, ಹಾಲು ಕುಡಿಯುವಾಗ ಬೇಡ. 30ರ ಮೇಲೆ, 60ರ ಒಳಗಿದ್ದರೆ ಸರಿ. 60 ಮುಟ್ಟಿದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಆಸ್ಪತ್ರೆ.

ಉತ್ತರ 2: ಗೊರಗೊರಕ್ಕೆ ಕಾರಣ ಕಿರಿದಾದ ಮೂಗಿನ ಹೊಳ್ಳೆ; ಒಂಚೂರು ಸಿಂಬಳ ಸಾಕು. ಹಾಲೂಡಿಸುವ ಮುಂಚೆ ಮಕ್ಕಳ ಸಲೈನ್ ಹನಿ, ಹೊಳ್ಳೆಗೊಂದು. ಅಜ್ಜಿ ಎಷ್ಟೇ ಹೇಳಲಿ, ಎಣ್ಣೆ ಬಿಡಬೇಡಿ: ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಸಾಂಬ್ರಾಣಿ ಹೊಗೆಯೂ ಬೇಡ.

ಉತ್ತರ 3: ಕಾಯಬಾರದ ಲಕ್ಷಣಗಳು: ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಪ್ರತಿ ಉಸಿರಿಗೂ ನರಳುವ ಸದ್ದು, ಹೊಳ್ಳೆ ಅರಳುವುದು, ಹಾಲು ಕುಡಿಯೋದು ಬಿಡುವುದು, 20 ಸೆಕೆಂಡು ಉಸಿರು ನಿಲ್ಲುವುದು. ಕಪ್ಪು ಮೈಬಣ್ಣದ ಮಗುವಾದರೆ ನಾಲಿಗೆ, ತುಟಿಯ ಒಳಭಾಗ ನೋಡಿ; ಅಲ್ಲಿ ನೀಲಿ ಕಂಡರೆ ತಕ್ಷಣ 108. ಉಸಿರು ನಿಂತರೆ ಬೆನ್ನು ಉಜ್ಜಿ, ಅಂಗಾಲು ತಟ್ಟಿ. ಕುಲುಕಲೇಬೇಡಿ.