ಪ್ಯಾರಾವ್ಯೂನಲ್ಲಿ ಒತ್ತಡದ ಬಣ್ಣದ ಮೇಲೆ ನೇರ ಗೆರೆಗಳು: ತೆಗೆಯೋದು ಹೇಗೆ?

ಗಾಳಿಪಟ:
ನಮಸ್ಕಾರ ಎಲ್ಲರಿಗೂ. 90 ಡಿಗ್ರಿ ಬಾಗಿದ ಪೈಪ್‌ನಲ್ಲಿ ನೀರಿನ ಹರಿವು, ಹರಿವಿನ ಲೆಕ್ಕ ಮಾಡುವ ಓಪನ್‌ಫೋಮ್ ತಂತ್ರಾಂಶದ ಸಿಂಪಲ್‌ಫೋಮ್ ಪ್ರೋಗ್ರಾಂನಲ್ಲಿ ಮಾಡಿದ್ದು. ಸುಮಾರು 18 ಲಕ್ಷ ಸೆಲ್ (ಪೈಪಿನ ಒಳಜಾಗವನ್ನು ಭಾಗಿಸಿದ ಪುಟ್ಟ ಕೋಶಗಳು). ಎಕ್ಸ್ ದಿಕ್ಕಿಗೆ 4 ತುಂಡು ಮಾಡಿ 4 ಕೋರ್‌ನಲ್ಲಿ ಓಡಿಸಿದೆ. ರೆಸಿಡ್ಯುವಲ್ (ಲೆಕ್ಕದಲ್ಲಿ ಉಳಿಯುವ ದೋಷ) ಚೆನ್ನಾಗೇ ಇಳಿದಿದೆ. ಆದರೆ ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ತೆರೆದರೆ ಒತ್ತಡದ ಬಣ್ಣದ ಮೇಲೆ ಬ್ಲೇಡಿನಿಂದ ಗೀಚಿದ ಹಾಗೆ 4 ಗೆರೆ. ಗೆರೆಯ ಆಚೆ ಈಚೆ 2 ಪ್ಯಾಸ್ಕಲ್ ವ್ಯತ್ಯಾಸ. ಮೆಶ್ (ಸೆಲ್‌ಗಳ ಜಾಲ) ಕೆಟ್ಟಿರಬೇಕು ಅಂದುಕೊಂಡು ಇಡೀ ರಾತ್ರಿ ಮತ್ತೆ ಓಡಿಸಿದೆ. ಅದೇ ಜಾಗದಲ್ಲಿ ಅದೇ ಗೆರೆ. ಸ್ಮೂತ್ ಫಿಲ್ಟರ್ ಹಾಕಿದರೆ ಪೈಪ್ ಸೊಟ್ಟಗಾಯಿತೇ ಹೊರತು ಗೆರೆ ಹೋಗಲಿಲ್ಲ. ಜೊತೆಗೆ ಮಾಡೆಲ್ ತಿರುಗಿಸುವಾಗ ಗೋಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಮಿನುಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೋಯ್ತಾ?

ಜಾಲಿಮರ:
ಕಾರ್ಡ್ ಚೆನ್ನಾಗಿದೆ, ಗಾಬರಿ ಬೇಡ. ಸ್ಮೂತ್ ಫಿಲ್ಟರ್ ಬಿಂದುಗಳನ್ನೇ ಸರಿಸುತ್ತದೆ, ಬಣ್ಣದ ಬೆಲೆ ಮುಟ್ಟುವುದಿಲ್ಲ. ಅದನ್ನು ತೆಗೆದುಬಿಡಿ.

ಮೊದಲು ಒಂದು ಪರೀಕ್ಷೆ. ಬಣ್ಣದ ಪಟ್ಟಿಯಲ್ಲಿ ಪಿ (ಒತ್ತಡ) ಎರಡು ಸಲ ಇರುತ್ತದೆ, ಒಂದು ಬಿಂದುವಿನದು (ಅಂದರೆ ಸೆಲ್‌ನ ಮೂಲೆಯದು), ಇನ್ನೊಂದು ಸೆಲ್‌ನದು. ಸೆಲ್‌ನದನ್ನು ಹಾಕಿ ನೋಡಿ. ಗೆರೆ ಮಾಯವಾದರೆ ತಪ್ಪು ಚಿತ್ರದಲ್ಲಿದೆ, ಲೆಕ್ಕದಲ್ಲಲ್ಲ.

ಕಾರಣ ಇಷ್ಟೇ. ಓಪನ್‌ಫೋಮ್ ಒತ್ತಡವನ್ನು ಸೆಲ್‌ನ ನಡುವೆ ಇಡುತ್ತದೆ. ನುಣುಪಾಗಿ ಬಣ್ಣ ಹಚ್ಚೋಕೆ ಪ್ಯಾರಾವ್ಯೂಗೆ ಮೂಲೆಗಳ ಬೆಲೆ ಬೇಕು. ಹಾಗಾಗಿ ಮೂಲೆಯ ಸುತ್ತಲಿನ ಸೆಲ್‌ಗಳ ಸರಾಸರಿ ತೆಗೆಯುತ್ತದೆ. ಎಡಗಡೆಯ ಸೆಲ್‌ಗಳಲ್ಲಿ 40, ಬಲಗಡೆಯವುಗಳಲ್ಲಿ 42 ಇದ್ದರೆ ಮೂಲೆಗೆ 41 ಬರಬೇಕು. ನೀವು ತುಂಡಾಗಿರುವ ಕೇಸ್ (ಲೆಕ್ಕದ ಫೈಲ್‌ಗಳು) ತೆರೆದಾಗ ಎಡ ತುಂಡಿಗೆ ಬಲ ತುಂಡು ಕಾಣುವುದೇ ಇಲ್ಲ. ಒಂದು 40 ಅನ್ನುತ್ತದೆ, ಇನ್ನೊಂದು 42. ಅಲ್ಲೇ ನಿಮ್ಮ 2. (ಅಂದಹಾಗೆ ಅದು ಪ್ಯಾಸ್ಕಲ್ ಅಲ್ಲ. ಸಿಂಪಲ್‌ಫೋಮ್‌ನ ಒತ್ತಡ ಸಾಂದ್ರತೆಯಿಂದ ಭಾಗಿಸಿದ್ದು. ನೀರಿಗೆ 1000ದಿಂದ ಗುಣಿಸಿ.)

ಸುಲಭದ ದಾರಿ: ತುಂಡುಗಳನ್ನು ಮತ್ತೆ ಒಂದು ಮಾಡುವ ರೀಕನ್‌ಸ್ಟ್ರಕ್ಟ್‌ಪಾರ್ ಓಡಿಸಿ, ಕೊನೆಯ ಟೈಮ್ ಒಂದೇ ಸಾಕು. ಆಮೇಲೆ ಪ್ಯಾರಾವ್ಯೂನಲ್ಲಿ ಕೇಸ್ ಟೈಪ್ ಅನ್ನು 'ರೀಕನ್‌ಸ್ಟ್ರಕ್ಟೆಡ್' ಮಾಡಿ.

ಡಿಸ್ಕ್‌ನಲ್ಲಿ ಜಾಗ ಇಲ್ಲದಿದ್ದರೆ, ತೆರೆಯುವಾಗಲೇ 'ಕ್ರಿಯೇಟ್ ಸೆಲ್ ಟು ಪಾಯಿಂಟ್ ಫಿಲ್ಟರ್ಡ್ ಡೇಟಾ' ಟಿಕ್ ತೆಗೆಯಿರಿ, ತುಂಡುತುಂಡಾಗಿ ಸರಾಸರಿ ತೆಗೆಯುವುದು ಅದೇ. ಇಂಟರ್ನಲ್‌ಮೆಶ್ (ಪೈಪ್ ಒಳಗಿನ ಸೆಲ್‌ಗಳು) ಒಂದನ್ನೇ ಇಟ್ಟುಕೊಳ್ಳಿ. ಅದರ ಮೇಲೆ ತುಂಡುಗಳನ್ನು ಬೆಸೆಯುವ ಮರ್ಜ್ ಬ್ಲಾಕ್ಸ್ ಫಿಲ್ಟರ್, ಅದರಲ್ಲಿ ಮರ್ಜ್ ಪಾಯಿಂಟ್ಸ್ ಟಿಕ್ ಇರಲಿ. ಕೊನೆಗೆ ಸರಾಸರಿ ತೆಗೆಯುವ ಸೆಲ್ ಡೇಟಾ ಟು ಪಾಯಿಂಟ್ ಡೇಟಾ ಫಿಲ್ಟರ್. ಈ ಕ್ರಮ ತಪ್ಪಬಾರದು. ಮೊದಲೇ ಸರಾಸರಿ ತೆಗೆದು ಆಮೇಲೆ ಬೆಸೆದರೆ ಪ್ರಯೋಜನ ಇಲ್ಲ. ಪೈಪ್ ಒಳಗೆ ದಪ್ಪವಿಲ್ಲದ ತಡೆಗೋಡೆ ಇದ್ದರೆ ಮಾತ್ರ ಹೀಗೆ ಬೆಸೆಯಬೇಡಿ. ಅದರ ಎರಡೂ ಬದಿಯ ಒತ್ತಡ ಕಲಸಿಹೋಗುತ್ತದೆ.

ಮಿನುಗುವ ಚುಕ್ಕೆಗೆ: ಇಂಟರ್ನಲ್‌ಮೆಶ್, ಗೋಡೆ ಎರಡಕ್ಕೂ ಟಿಕ್ ಇದೆ ಅಲ್ವಾ? ಒಂದೇ ಜಾಗದಲ್ಲಿ ಎರಡು ಮೇಲ್ಮೈ, ಯಾವುದು ಮುಂದೆ ಅಂತ ಕಾರ್ಡ್‌ಗೆ ಗೊತ್ತಾಗಲ್ಲ. ಒಂದನ್ನು ಬಿಡಿ.

ಒಂದು ಅನುಮಾನ ಉಳಿದಿದೆ. ಬಾಳೆದಿಂಡನ್ನು 4 ತುಂಡು ಮಾಡೋಕೆ ಚಾಕು 3 ಸಲ ಸಾಕು. ನಿಮ್ಮಲ್ಲಿ 4 ಗೆರೆ ಯಾಕೆ?

ಗಾಳಿಪಟ:
ಸರ್, ಚುಕ್ಕೆ ಹೋಯಿತು. ರೀಕನ್‌ಸ್ಟ್ರಕ್ಟ್ ಮಾಡಿದ ಮೇಲೆ 3 ಗೆರೆಯೂ ಹೋದವು. ನೀವು ಹೇಳಿದ ಹಾಗೇ ಒಂದು ಉಳಿದಿದೆ, ಬಾಗು ಮುಗಿದ ಸ್ವಲ್ಪ ಮುಂದೆ. ಸೆಲ್ ಬಣ್ಣ ಹಾಕಿದರೂ ಕಾಣುತ್ತದೆ. ಇದಕ್ಕೆ ಯಾವ ಫಿಲ್ಟರ್?

ಜಾಲಿಮರ:
ಯಾವುದೂ ಬೇಡ. ಸೆಲ್‌ಗಳ ಅಂಚು ತೋರಿಸುವ 'ಸರ್ಫೇಸ್ ವಿತ್ ಎಡ್ಜಸ್' ಹಾಕಿ ಆ ಜಾಗಕ್ಕೆ ಝೂಮ್ ಮಾಡಿ. ಸೆಲ್ ಗಾತ್ರ ಅಲ್ಲೇ ಬದಲಾಗುತ್ತಿದೆಯಾ?

ಗಾಳಿಪಟ:
ಹೌದು! ಬಾಗಿಗೆ ಮೆಶ್ ಕಟ್ಟುವ ಸ್ನ್ಯಾಪಿಹೆಕ್ಸ್‌ಮೆಶ್‌ನಲ್ಲಿ ಬಾಕ್ಸ್ ಇಟ್ಟು ಅದರೊಳಗಿನ ಸೆಲ್ ಸಣ್ಣ ಮಾಡಿದ್ದೆ. ಆ ಬಾಕ್ಸ್ ಮುಗಿಯುವ ಕಡೆಯೇ ಗೆರೆ. ಎನ್‌ಸೆಲ್ಸ್‌ಬಿಟ್ವೀನ್‌ಲೆವೆಲ್ಸ್ (ಒಂದು ಗಾತ್ರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಇಡುವ ಸೆಲ್ ಪದರಗಳು) 1 ಇದೆ.

ಜಾಲಿಮರ:
ಅದನ್ನು 3 ಮಾಡಿ. ಬಾಕ್ಸನ್ನು ಹರಿವು ಶಾಂತವಾಗುವ ತನಕ, ಎರಡು ಮೂರು ವ್ಯಾಸದಷ್ಟು ಮುಂದಕ್ಕೆ ಎಳೆಯಿರಿ. ಇದು ಲೆಕ್ಕದಲ್ಲೇ ಇರುವ ತಪ್ಪು, ಸುಮ್ನೆ ಬಣ್ಣ ಬಳಿದು ಮುಚ್ಚಬೇಡಿ. ಈ ಸಲ ರಾತ್ರಿಯಿಡೀ ಓಡಿಸಿದರೆ ದಂಡ ಆಗಲ್ಲ.