ಸೀಲಿಂಗ್ ಎಕ್ಸಾಸ್ಟ್ ಫ್ಯಾನ್ ಕೂರಿಸೋಕೆ ಯಾವ ಸ್ಕ್ರೂ, ಯಾವ ಆಂಕರ್?

ಗಾಳಿಗೂಡು:
ಎಲ್ಲರಿಗೂ ನಮಸ್ಕಾರ. ಬಾತ್‌ರೂಮ್ ಸೀಲಿಂಗ್‌ಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಬೇಕು, ಪಕ್ಕದ ರೂಮಿಗೆ 125 ಎಂಎಂ ಅಳತೆಯ ದುಂಡನೆ ಡಿಸ್ಕ್ ವಾಲ್ವ್ (ಗಾಳಿ ಹೋಗುವ ಬಾಯಿಗೆ ಹಾಕುವ ತಟ್ಟೆಯಂಥ ಮುಚ್ಚಳ). ಇರುವುದು ಜಿಪ್ಸಮ್ ಫಾಲ್ಸ್ ಸೀಲಿಂಗ್, ಅದರ ಮೇಲೆ ಒಂದಡಿ ಖಾಲಿ ಜಾಗ, ಆಮೇಲೆ ಕಾಂಕ್ರೀಟ್ ಸ್ಲ್ಯಾಬ್. ಫ್ಯಾನ್ ಜೊತೆ ಬಂದ ಪೊಟ್ಟಣದಲ್ಲಿ ನಾಲ್ಕು ಪ್ಲಾಸ್ಟಿಕ್ ಪ್ಲಗ್, ನಾಲ್ಕು ಸ್ಕ್ರೂ ಇವೆ. ಅದೇ ಬೋರ್ಡಿನ ಒಂದು ತುಂಡಿಗೆ ಆ ಪ್ಲಗ್ ತೂರಿಸಿ ನೋಡಿದರೆ ಬೆರಳಲ್ಲಿ ಎಳೆದರೂ ಈಚೆ ಬರುತ್ತದೆ! ಫ್ಯಾನ್ ತೂಕ ಸುಮಾರು 4 ಕೆಜಿ. ಇನ್ನೊಂದು ತೊಂದರೆ, ಮುಚ್ಚಳದ ಸ್ಕ್ರೂ ಪೊಟ್ಟಣದಲ್ಲಿ ಇಲ್ಲವೇ ಇಲ್ಲ. ಏನು ತರಲಿ?

ಹಳೇಸ್ಪ್ಯಾನರ್:
ಆ ಪ್ಲಗ್‌ಗಳನ್ನು ಎತ್ತಿಡಿ ಸರ್, ಅವು ಇಟ್ಟಿಗೆ, ಕಾಂಕ್ರೀಟಿಗೆ ಮಾಡಿದವು. ಗಟ್ಟಿ ತೂತಿನೊಳಗೆ ಸ್ಕ್ರೂ ಹೋದಾಗ ಪ್ಲಗ್ ಉಬ್ಬಿ ಸುತ್ತಲಿನ ಗೋಡೆಯನ್ನು ಒತ್ತಿ ಹಿಡಿಯಬೇಕು. 12.5 ಎಂಎಂ ಬೋರ್ಡಿನಲ್ಲಿ ಅದಕ್ಕೆ ಒತ್ತೋಕೆ ಏನಿದೆ? ಅದೂ ಅಲ್ಲದೆ ಗೋಡೆಯಲ್ಲಿ ತೂಕ ಸ್ಕ್ರೂಗೆ ಅಡ್ಡಲಾಗಿ ಬೀಳುತ್ತದೆ, ಸೀಲಿಂಗ್‌ನಲ್ಲಿ ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಜೊತೆಗೆ ಮೋಟಾರಿನ ನಡುಕ ಬೇರೆ.

ನನ್ನ ಪ್ರಕಾರ ಫ್ಯಾನಿನ ತೂಕ ಸ್ಲ್ಯಾಬಿಗೇ ಹೋಗಬೇಕು, ಬೋರ್ಡ್ ಹೊರಬೇಕಾದ್ದು ಮುಚ್ಚಳವನ್ನು ಮಾತ್ರ. ನಾಲ್ಕು ಎಂ6 (6 ಎಂಎಂ ಥ್ರೆಡ್) ಡ್ರಾಪ್‌ಇನ್ ಆಂಕರ್ (ತೂತಿನೊಳಗೆ ಅರಳಿ ಹಿಡಿಯುವ, ಒಳಗೆ ಥ್ರೆಡ್ ಇರುವ ಲೋಹದ ಕೊಳವೆ), ಅಷ್ಟೇ ಎಂ6 ಥ್ರೆಡ್ ರಾಡ್ (ಉದ್ದಕ್ಕೂ ಥ್ರೆಡ್ ಇರುವ ಸರಳು) ತನ್ನಿ. ಎಂ6 ಆಂಕರ್‌ಗೆ ಸಾಮಾನ್ಯವಾಗಿ 8 ಎಂಎಂ ತೂತು, ಎಂ8ಕ್ಕೆ 10 ಎಂಎಂ, ಆದರೂ ಪ್ಯಾಕೆಟ್ ಮೇಲೆ ಬರೆದಿದ್ದನ್ನೇ ನಂಬಿ. ತೂತಿನ ಪುಡಿಯನ್ನು ಊದಿ ಪೂರ್ತಿ ತೆಗೆಯಿರಿ, ಪುಡಿ ಉಳಿದರೆ ಆಂಕರ್ ಜಾರುತ್ತದೆ. ಆಮೇಲೆ ಅದಕ್ಕೇ ಅಂತ ಸಿಗುವ ಸೆಟ್ಟಿಂಗ್ ಪಂಚ್ ಒಳಗಿಟ್ಟು ಹೊಡೆಯಿರಿ. ಪಂಚ್ ಬದಲು ಸುಮ್ನೆ ಬೋಲ್ಟು ಇಟ್ಟು ಹೊಡೆದರೆ ಒಳಗಿನ ಥ್ರೆಡ್ ಹಾಳಾಗುತ್ತದೆ, ಆಂಕರ್ ಕೂಡ ಪೂರ್ತಿ ಅರಳಲ್ಲ. ರಾಡಿನ ಕೆಳತುದಿಯಲ್ಲಿ ಫ್ಯಾನಿನ ಬ್ರಾಕೆಟ್‌ಗೆ ಮೇಲೊಂದು ನಟ್ಟು ವಾಷರ್, ಕೆಳಗೊಂದು ನಟ್ಟು ವಾಷರ್. ಕೆಳಗಿನದು ನೈಲಾಕ್ ನಟ್ಟೇ (ಒಳಗೆ ನೈಲಾನ್ ಉಂಗುರ ಇರುವುದು) ಆಗಿರಲಿ, ನಡುಕಕ್ಕೆ ಬರೀ ನಟ್ಟು ನಿಧಾನವಾಗಿ ಸಡಿಲ ಆಗುತ್ತದೆ. ಬ್ರಾಕೆಟ್ ಮತ್ತು ವಾಷರ್ ನಡುವೆ ರಬ್ಬರ್ ಹಾಕಿದರೆ ಗುಂಯ್ ಅನ್ನೋ ಸದ್ದು ಸ್ಲ್ಯಾಬಿಗೆ ಏರುವುದು ಕಡಿಮೆ.

ಡ್ರಿಲ್ ಮಾಡುವ ಮೊದಲು ಸ್ಲ್ಯಾಬಿನೊಳಗೆ ವೈರಿಂಗ್ ಪೈಪ್ ಎಲ್ಲಿ ಹೋಗಿದೆ ಅಂತ ನೋಡಿಕೊಳ್ಳಿ, ಮೇನ್ ಆಫ್ ಮಾಡಿ, ಕನ್ನಡಕ ಹಾಕಿ. ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಆಗಿದ್ದರೆ ಡ್ರಿಲ್ ಮುಟ್ಟಲೇಬೇಡಿ, ಒಳಗಿನ ಉಕ್ಕಿನ ಕೇಬಲ್ ಎಳೆತದಲ್ಲಿರುತ್ತದೆ. ಸ್ಕ್ಯಾನ್ ಮಾಡಿಸದೆ ಅದಕ್ಕೆ ಯಾರೂ ತೂತು ಹಾಕಬಾರದು.

ಪ್ಲೈವುಡ್‌ಪ್ರಿಯ:
4 ಕೆಜಿಗೆ ಇಷ್ಟೆಲ್ಲಾ ಬೇಕಾ? ಬೋರ್ಡ್ ಕತ್ತರಿಸಿದ ಜಾಗದ ಮೇಲೆ 18 ಎಂಎಂ ಪ್ಲೈವುಡ್ ಚೌಕಟ್ಟು ಕೂರಿಸಿ, ಕೆಳಗಿನಿಂದ ಅದಕ್ಕೆ ಸ್ಕ್ರೂ ಹಾಕಿದರೆ ಸಾಕು. ಎಷ್ಟೋ ಕಡೆ ಹಾಗೇ ನಡೆಯುತ್ತಿದೆ.

ಆದರೆ ಬೋರ್ಡಿಗೆ ಹೊಡೆಯುವ ಕಪ್ಪು ಡ್ರೈವಾಲ್ ಸ್ಕ್ರೂ ಬೇಡ. ಅದು ಗಟ್ಟಿ ಹೌದು, ಬಾಗುವ ಗುಣ ಇಲ್ಲ, ಅಡ್ಡ ಒತ್ತಡ ಬಿದ್ದರೆ ಪಟ್ ಅಂತ ಮುರಿಯುತ್ತದೆ. ಬಾತ್‌ರೂಮ್ ತೇವಕ್ಕೆ ತುಕ್ಕೂ ಹಿಡಿಯುತ್ತದೆ. 304 ಸ್ಟೇನ್‌ಲೆಸ್ ತಗೊಳ್ಳಿ, ಸಮುದ್ರದ ಹತ್ತಿರ ಇದ್ದರೆ 316. ತಲೆ ಚಪ್ಪಟೆ ತಳದ್ದಿರಲಿ, ಅಂದರೆ ಪ್ಯಾನ್ ಹೆಡ್. ಕೌಂಟರ್‌ಸಂಕ್ ಸ್ಕ್ರೂವಿನ ಇಳಿಜಾರು ತಲೆ ಪ್ಲಾಸ್ಟಿಕ್ ತೂತನ್ನು ಅಗಲಿಸಿ ಸೀಳುತ್ತದೆ.

ಹಳೇಸ್ಪ್ಯಾನರ್:
ಪ್ಲೈವುಡ್ ಸರಿನೇ, ಆದರೆ ಅದು ಎಲ್ಲಿ ಕೂತಿದೆ ಅನ್ನೋದು ಮುಖ್ಯ ಅಲ್ವಾ? ಎರಡು ಕಡೆ ಸೀಲಿಂಗ್ ಚಾನೆಲ್ (ಬೋರ್ಡನ್ನು ಹಿಡಿದಿರುವ ಲೋಹದ ಪಟ್ಟಿ) ಮೇಲೆ ಕೂತು ಅವಕ್ಕೇ ಸ್ಕ್ರೂ ಆಗಿದ್ದರೆ ಒಪ್ಪುತ್ತೇನೆ, ಆ ಚಾನೆಲ್ ಕೂಡ ಹತ್ತಿರದಲ್ಲೇ ಸ್ಲ್ಯಾಬಿಗೆ ನೇತಾಡುತ್ತಿರಬೇಕು. ಬರೀ ಬೋರ್ಡಿನ ಬೆನ್ನ ಮೇಲೆ ಕೂತಿದ್ದರೆ ತೂಕ ಮತ್ತೆ ಬೋರ್ಡಿಗೇ ಬಂತು.

ನಳಿಕೆ:
ಡಿಸ್ಕ್ ವಾಲ್ವ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಸುಲಭ. ಅದರ ಜೊತೆ ಒಂದು ರಿಂಗ್ ಬರುತ್ತದೆ, ಆ ರಿಂಗನ್ನು ಮಾತ್ರ ಸ್ಕ್ರೂ ಮಾಡೋದು, ವಾಲ್ವ್ ಅದರೊಳಗೆ ತಿರುಗಿ ಕೂರುತ್ತದೆ. ತೂಕ ಏನೂ ಇಲ್ಲ, ಹಾಗಾಗಿ ಬೋರ್ಡಿನ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಅಥವಾ ಹಾಲೋ ವಾಲ್ ಆಂಕರ್ ಸಾಕು. ಡಕ್ಟ್ (ಗಾಳಿ ಸಾಗುವ ಕೊಳವೆ) ತೂಕ ಮಾತ್ರ ರಿಂಗ್ ಮೇಲೆ ಬೀಳಬಾರದು, ಪಟ್ಟಿ ಕಟ್ಟಿ ಸ್ಲ್ಯಾಬಿಗೆ ನೇತು ಹಾಕಿ. ತೀರಾ ಬಿಗಿ ಮಾಡಬೇಡಿ, ಬೋರ್ಡಿನ ಕಾಗದ ಹರಿದರೆ ಹಿಡಿತವೇ ಹೋಯಿತು.

ಮುಚ್ಚಳಕ್ಕೆ ಸ್ಕ್ರೂ ಇಲ್ಲ ಅಂದಿರಲ್ಲ, ಅದಕ್ಕೆ ಸ್ಕ್ರೂ ಬೇಕೇ ಬೇಕಾ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಮುಚ್ಚಳದ ಹಿಂದೆ ವಿ ಆಕಾರದ ಎರಡು ಸ್ಪ್ರಿಂಗ್ ತಂತಿ ಇರುತ್ತವೆ, ಅವನ್ನು ಹಿಂಡಿ ಸೀಳಿನೊಳಗೆ ತೂರಿಸಿದರೆ ಮುಗಿಯಿತು.

ಗಾಳಿಗೂಡು:
ಸ್ಪ್ರಿಂಗ್ ಇಲ್ಲ, ಫ್ಯಾನಿನ ಒಂದು ಪಟ್ಟಿಯ ನಡುವೆ ಥ್ರೆಡ್ ಇರುವ ಒಂದೇ ತೂತು. ಮನೆಯಲ್ಲಿದ್ದ ಎಂ5 ಸ್ಕ್ರೂ ಸ್ವಲ್ಪ ಹೋಗಿ ಬಿಗಿಯಾಗಿ ನಿಂತಿತು. ಎಣ್ಣೆ ಹಾಕಿ ತಿರುಗಿಸಲೇ?

ನಳಿಕೆ:
ಬೇಡ ಬೇಡ! ಅದು 10-32 ಅನ್ನೋ ಇಂಚು ಅಳತೆಯ ಥ್ರೆಡ್ ಇರಬಹುದು. ಅದರ ದಪ್ಪ 4.83 ಎಂಎಂ, ಇಂಚಿಗೆ 32 ಸುತ್ತು, ಅಂದರೆ ಸುತ್ತಿನ ಅಂತರ 0.79 ಎಂಎಂ. ಎಂ5ಗೆ ಅದು 0.8. ಹತ್ತಿರ ಹತ್ತಿರ ಇರೋದರಿಂದಲೇ ಶುರುವಿನಲ್ಲಿ ಹಿಡಿದು ಆಮೇಲೆ ಜಾಮ್ ಆಗುತ್ತದೆ, ಒತ್ತಿ ತಿರುಗಿಸಿದರೆ ಥ್ರೆಡ್ ಕಿತ್ತುಹೋಗುತ್ತದೆ. ಆ ಪಟ್ಟಿಯನ್ನು ಬಿಚ್ಚಿ ಅಂಗಡಿಗೇ ಒಯ್ದು ಎರಡೂ ಅಳತೆ ಹಾಕಿ ನೋಡಿ. ಸರಿಯಾದ್ದು ಬೆರಳಲ್ಲೇ ಕೊನೆತನಕ ಹೋಗಬೇಕು, ಅಲುಗಾಡಬಾರದು.

ಗಾಳಿಗೂಡು:
ಪಟ್ಟಿ ಬಿಚ್ಚಿದೆ, ತಗೊಂಡು ಹೋಗುತ್ತೇನೆ. ಫ್ಯಾನನ್ನು ರಾಡಿಗೇ ನೇತು ಹಾಕುತ್ತೇನೆ, ಹೇಗಿದ್ದರೂ ಬೋರ್ಡ್ ಕತ್ತರಿಸಬೇಕು. ರಾಡ್ ಸ್ವಲ್ಪ ಉದ್ದವಾದರೆ ಪರವಾಗಿಲ್ಲ ತಾನೇ?

ಹಳೇಸ್ಪ್ಯಾನರ್:
ಪರವಾಗಿಲ್ಲ, ಕತ್ತರಿಸಬಹುದು. ಕತ್ತರಿಸೋಕೆ ಮುಂಚೆ ಒಂದು ನಟ್ಟನ್ನು ರಾಡಿಗೆ ತಿರುಗಿಸಿಟ್ಟಿರಿ. ಕತ್ತರಿಸಿದ ಮೇಲೆ ಅದನ್ನು ಈಚೆ ತೆಗೆದರೆ ತುದಿಯ ಥ್ರೆಡ್ ತಾನೇ ಸರಿಯಾಗುತ್ತದೆ.