ಒಂದು ಮಧ್ಯಾಹ್ನದ ಸಮೀಕ್ಷೆ ಸಾಕೇ?

ಪ್ರಶ್ನೆ: ಎರಡು ಎಕರೆ ಪಾಳುಜಮೀನಿನಲ್ಲಿ ನಾವು ವಸತಿ ಸಮುಚ್ಚಯ ಕಟ್ಟಲಿದ್ದೇವೆ. ಅಲ್ಲಿ ಹಳೆಯ ಉಗ್ರಾಣವೊಂದು, ಏಳೆಂಟು ದೊಡ್ಡ ಮರಗಳು ಮತ್ತು ಮಳೆಗಾಲದಲ್ಲಷ್ಟೇ ನೀರು ನಿಲ್ಲುವ ಒಂದು ತಗ್ಗು ಇವೆ. ಸಲಹೆಗಾರರೊಬ್ಬರು ಬೇಸಿಗೆಯ ಒಂದು ಮಧ್ಯಾಹ್ನ ಬಂದು ನೋಡಿ, ಅಪರೂಪದ ಯಾವ ಜೀವಿಯೂ ಕಂಡುಬಂದಿಲ್ಲವೆಂದು ಎರಡು ಪುಟದ ವರದಿ ಕೊಟ್ಟಿದ್ದಾರೆ. ಇದನ್ನು ನಂಬಿ ಮುಂದುವರಿಯಬಹುದೇ?

ಪರಿಸರ ತಜ್ಞರ ಉತ್ತರ: ಮುಂದುವರಿಯಬೇಡಿ ಎನ್ನುವುದೇ ನನ್ನ ಸಲಹೆ. ಆ ಹೊತ್ತಿನಲ್ಲಿ ಬಾವಲಿಗಳು ನಿದ್ರಿಸುತ್ತಿರುತ್ತವೆ, ಕಪ್ಪೆಗಳು ಮಣ್ಣಿನಡಿ ಸೇರಿರುತ್ತವೆ, ಹಲವು ಸಣ್ಣ ಸಸ್ಯಗಳು ಬೀಜರೂಪದಲ್ಲಿ ಮಾತ್ರ ಉಳಿದಿರುತ್ತವೆ. ಹೀಗಿರುವಾಗ ಕಂಡುಬಂದಿಲ್ಲ ಎಂಬ ಮಾತು ಜಾಗದ ಬಗ್ಗೆ ಹೇಳುವುದಕ್ಕಿಂತ ಭೇಟಿಯ ಸಮಯದ ಬಗ್ಗೆಯೇ ಹೆಚ್ಚು ಹೇಳುತ್ತದೆ.

ಮೊದಲು ಉಗ್ರಾಣವನ್ನು ನೋಡಿ. ತೊಲೆಯ ಕೆಳಗೆ ಕಪ್ಪು ಹಿಕ್ಕೆಗಳಿದ್ದರೆ ಕೈಗವಸು ಮತ್ತು ಮುಖಗವಸು ಹಾಕಿಕೊಂಡು ಒಂದೆರಡನ್ನು ಕಾಗದದ ಮೇಲಿಟ್ಟು ಒತ್ತಿ ನೋಡಿ. ಇಲಿಯ ಒಣಗಿದ ಹಿಕ್ಕೆ ಗಟ್ಟಿಯಾಗಿರುತ್ತದೆ; ಕೀಟ ತಿನ್ನುವ ಬಾವಲಿಯದು ಪುಡಿಯಾಗಿ, ಅದರೊಳಗೆ ಕೀಟಗಳ ರೆಕ್ಕೆಚೂರುಗಳು ಮಿನುಗುತ್ತವೆ. ಅಂಥದ್ದು ಸಿಕ್ಕರೆ ಸಂಜೆ ಕತ್ತಲಾಗುವ ಹೊತ್ತಿಗೆ ಇಬ್ಬರು ಎರಡು ಬದಿಯಲ್ಲಿ ನಿಂತು ಹೊರಬರುವ ಬಾವಲಿಗಳನ್ನು ಎಣಿಸಬೇಕು, ಮತ್ತು ಬೇರೆ ಬೇರೆ ಋತುಗಳಲ್ಲಿ ಅದನ್ನೇ ಮಾಡಬೇಕು. ಬಹುತೇಕ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ, ಮರಿಗಳಿರುವ ತಾಣವೊಂದು ನಾಶವಾದರೆ ಆ ಗುಂಪು ಚೇತರಿಸಿಕೊಳ್ಳಲು ವರ್ಷಗಳೇ ಬೇಕಾಗುತ್ತವೆ.

ತಗ್ಗನ್ನು ವರದಿಯಲ್ಲಿ ಪಾಳುಗುಂಡಿ ಎಂದು ಬರೆದಿದ್ದರೆ ಆಶ್ಚರ್ಯವಿಲ್ಲ. ನಮ್ಮ ವೃತ್ತಿಯಲ್ಲಿ ಈ ತಪ್ಪು ಪದೇ ಪದೇ ಆಗುತ್ತದೆ. ವರ್ಷದಲ್ಲಿ ಕೆಲಕಾಲ ಒಣಗುವುದರಿಂದಲೇ ಅಲ್ಲಿ ಮೀನು ಉಳಿಯುವುದಿಲ್ಲ, ಮೀನಿಲ್ಲದ್ದರಿಂದಲೇ ಗೊದಮೊಟ್ಟೆಗಳು ಬದುಕುತ್ತವೆ. ಆದ್ದರಿಂದ ನೀರು ನಿಂತ ಬಳಿಕ ರಾತ್ರಿ ಕಪ್ಪೆಗಳ ಕೂಗನ್ನು ಆಲಿಸದೆ ಅದರ ಬೆಲೆ ಕಟ್ಟುವಂತಿಲ್ಲ.

ಪ್ರಶ್ನಿಸಿದವರ ಮರುಪ್ರಶ್ನೆ: ಧನ್ಯವಾದಗಳು. ಮರಗಳ ವಿಷಯದಲ್ಲಿ, ಕಡಿದ ಪ್ರತಿ ಮರಕ್ಕೆ ಹತ್ತು ಸಸಿ ನೆಡಬಹುದೆಂದು ವರದಿ ಹೇಳುತ್ತದೆ. ಅದಾದರೂ ಸರಿಯೇ?

ಉತ್ತರ: ಸಸಿ ನೆಡುವುದು ಕೊನೆಯ ಹೆಜ್ಜೆ. ಹಾನಿಯನ್ನು ತಪ್ಪಿಸಲು ಸಾಧ್ಯವೇ, ಇಲ್ಲವಾದರೆ ತಗ್ಗಿಸಬಹುದೇ, ಆದ ಹಾನಿಯನ್ನು ಅಲ್ಲಿಯೇ ಸರಿಪಡಿಸಬಹುದೇ ಎಂದು ಕ್ರಮವಾಗಿ ಕೇಳಿದ ನಂತರವಷ್ಟೇ ಪರಿಹಾರದ ಮಾತು ಬರಬೇಕು. ಪಕ್ಷಿಗಳು ಗೂಡುಮಾಡುವ ಪೊಟರೆ ಮೂಡಲು ದಶಕಗಳು ಬೇಕು, ಹತ್ತು ಸಸಿಗಳಲ್ಲಿ ಒಂದು ಪೊಟರೆಯೂ ಇರುವುದಿಲ್ಲ. ಉಳಿಸಿಕೊಂಡ ಮರಕ್ಕೂ ಅಪಾಯವಿದೆ. ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ 12 ಪಟ್ಟು ದೂರದವರೆಗೆ ಬೇರಿನ ಪ್ರದೇಶವೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. 60 ಸೆಂಟಿಮೀಟರ್ ದಪ್ಪದ ಮರಕ್ಕೆ ಸುತ್ತಲೂ 7.2 ಮೀಟರ್ ಆಯಿತು. ಆ ವೃತ್ತದೊಳಗೆ ಲಾರಿ ಓಡಾಡಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಸಿಗದೆ, ಕಾಮಗಾರಿ ಮುಗಿದು ಎಲ್ಲರೂ ಮರೆತ ಮೇಲೆ ಮರ ಒಣಗುತ್ತದೆ. ಆದ್ದರಿಂದ ನಕಾಶೆ ಅಂತಿಮಗೊಳ್ಳುವ ಮೊದಲೇ ಈ ವೃತ್ತಗಳನ್ನು ಅದರ ಮೇಲೆ ಗುರುತಿಸಿ, ನೆಲದ ಮೇಲೆ ಬೇಲಿ ಹಾಕಿಸಿ. ಉಗ್ರಾಣ ಕೆಡವುವವರಿಗೂ ಸಂಜೆಯ ಎಣಿಕೆ ಮುಗಿಯುವವರೆಗೆ ಕಾಯಲು ತಿಳಿಸಿ.